ಬೆಲ್ಲನ ಎರಡು ಮಂಡಿಗಳು

ನಮ್ಮ ಬೆಲ್ಲನ ಎಡ ಹಿಂಗಾಲಿನ ಮಂಡಿಯೊಳಗೆ ಲಿಗಮೆಂಟು ಹರಿದದ್ದಕ್ಕೆ ಕಾರಣ ಅವನ ದೇಹದಲ್ಲೇ ಇತ್ತು. ಆ ಮಂಡಿ ಮತ್ತೆಂದೂ ಪೂರ್ತಿ ಸರಿಹೋಗದಷ್ಟು ಕೆಟ್ಟದ್ದಕ್ಕೆ ಕಾರಣ ನಾನು. ಬೆಲ್ಲ ಲ್ಯಾಬ್ರಡಾರ್ ಜಾತಿಯ ಗಂಡು ನಾಯಿ, ಈಗ ಅವನಿಗೆ ಒಂಬತ್ತು ವರ್ಷ. ಎಡಗಾಲಿನ ನಂತರ ಬಲಗಾಲಿಗೂ ಅದೇ ಕಾಯಿಲೆ ಬಂತು, ಅದಕ್ಕೂ ಅದೇ ಬಗೆಯ ಆಪರೇಷನ್ ಆಯಿತು. ಇವತ್ತು ಅವನು ಬಲಗಾಲನ್ನು ಗಟ್ಟಿಯಾಗಿ ಊರಿ ನಡೆಯುತ್ತಾನೆ, ಎಡಗಾಲನ್ನು ಚಳಿಯ ಬೆಳಗುಗಳಲ್ಲಿ ಎಳೆದುಕೊಂಡು ಬರುತ್ತಾನೆ. ನಾಯಿ ಒಂದೇ, ಕಾಯಿಲೆ ಒಂದೇ, ಶಸ್ತ್ರಚಿಕಿತ್ಸೆಯೂ ಒಂದೇ. ಬಲಗಾಲಿಗೆ ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕಿತು, ಎಡಗಾಲಿಗೆ ಸಿಗಲಿಲ್ಲ. ನಾಯಿ ಸಾಕಿದವರಲ್ಲಿ ಇನ್ನೊಬ್ಬರಾದರೂ ಈ ತಪ್ಪಿನಿಂದ ಪಾರಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬೆಲ್ಲ ಶಿವಮೊಗ್ಗದ ನಮ್ಮ ಮನೆಗೆ ಬಂದದ್ದು ಹಾಲು ಬಿಟ್ಟ ಮರಿಯಾಗಿ. ಮನೆ ತುಂಬ ನುಣುಪಾದ ಟೈಲ್ಸ್, ಹಿತ್ತಿಲಲ್ಲಿ ಓಡಾಡಲು ಜಾಗ. ಅತ್ತೆಯವರು ಬೆಳಗ್ಗೆ ದೋಸೆ ಹುಯ್ಯುವಾಗ ಮೊದಲ ದೋಸೆ ಅವನಿಗೆ. ರಾತ್ರಿ ಉಳಿದ ಚಪಾತಿಗೆ ತುಪ್ಪ ಸವರಿ ಹಾಕುತ್ತಿದ್ದವಳು ನಾನು. ಆರು ವರ್ಷ ತುಂಬುವ ಹೊತ್ತಿಗೆ ಅವನ ತೂಕ 41 ಕಿಲೋ ದಾಟಿತ್ತು. ನೋಡಿದವರೆಲ್ಲ ‘ಎಷ್ಟು ಚೆನ್ನಾಗಿ ಸಾಕಿದ್ದೀರಿ’ ಎನ್ನುತ್ತಿದ್ದರು, ನಮಗೂ ಹೆಮ್ಮೆ. ಅವನ ಮೈಕಟ್ಟಿಗೆ 32 ಕಿಲೋ ಸಾಕಿತ್ತು ಎಂದು ತಿಳಿದದ್ದು ಆಮೇಲೆ.

ಕಾಯಿಲೆ ಮೊದಲೇ ಸೂಚನೆ ಕೊಟ್ಟಿತ್ತು. ಮಲಗಿದ್ದವನು ಏಳುವಾಗ ಮೊದಲ ನಾಲ್ಕು ಹೆಜ್ಜೆ ಬಿಗಿಯಾಗಿ ಇಡುತ್ತಿದ್ದ, ಆಮೇಲೆ ಸರಿಯಾಗುತ್ತಿದ್ದ. ಕೂರುವಾಗ ಎರಡು ಹಿಂಗಾಲನ್ನೂ ಮೈಯಡಿಗೆ ಮಡಚಿಕೊಳ್ಳದೆ, ಎಡಗಾಲನ್ನು ಪಕ್ಕಕ್ಕೆ ಚಾಚಿ ಕೂರುತ್ತಿದ್ದ. ಆ ಕೂರುವ ಭಂಗಿ ನಮಗೆ ಮುದ್ದಾಗಿ ಕಂಡು ಫೋಟೊ ತೆಗೆದಿಟ್ಟುಕೊಂಡಿದ್ದೆವು. ಮಂಡಿಯನ್ನು ಪೂರ್ತಿ ಮಡಚಲು ನೋವಾಗುವ ನಾಯಿ ಹಾಗೆ ಕೂರುತ್ತದೆ ಎಂಬುದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಲಕ್ಷಣ. ಆ ಫೋಟೊಗಳನ್ನು ಈಗ ನೋಡಿದರೆ ಕಾಯಿಲೆ ಎಷ್ಟು ತಿಂಗಳಿಂದ ಇತ್ತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಮನುಷ್ಯರಲ್ಲಿ ಈ ಲಿಗಮೆಂಟು ಹರಿಯುವುದು ಸಾಮಾನ್ಯವಾಗಿ ಫುಟ್‌ಬಾಲ್ ಅಥವಾ ಕಬಡ್ಡಿ ಅಂಗಳದಲ್ಲಿ, ಒಮ್ಮೆಗೇ, ಮಂಡಿ ತಿರುಚಿಕೊಂಡೋ ಪೆಟ್ಟು ಬಿದ್ದೋ. ನಾಯಿಗಳಲ್ಲಿ ಹಾಗಲ್ಲ. ಹೆಚ್ಚಿನ ನಾಯಿಗಳಲ್ಲಿ ಅದು ತಿಂಗಳುಗಟ್ಟಲೆ ಎಳೆಎಳೆಯಾಗಿ ಸವೆಯುತ್ತ ಬಂದು, ಕೊನೆಗೆ ಯಾವುದೋ ಸಣ್ಣ ಓಟಕ್ಕೆ ಪೂರ್ತಿ ಹರಿಯುತ್ತದೆ. ಲ್ಯಾಬ್ರಡಾರ್, ರಾಟ್‌ವೀಲರ್‌ನಂಥ ಜಾತಿಗಳಲ್ಲಿ ಇದು ಹೆಚ್ಚು. ತೂಕ ಹೆಚ್ಚಿದ್ದರೆ ಇನ್ನೂ ಹೆಚ್ಚು. ಬೆಲ್ಲನಿಗೆ ಆದದ್ದೂ ಅದೇ. ಒಂದು ಸಂಜೆ ಗೇಟಿನ ಸದ್ದಿಗೆ ಹಿತ್ತಿಲಿನಿಂದ ಓಡಿ ಬಂದವನು ತಿರುಗುವಾಗ ಒಮ್ಮೆ ಕುಂಯ್ಗುಟ್ಟಿ ಎಡ ಹಿಂಗಾಲನ್ನು ಎತ್ತಿ ಹಿಡಿದ. ರಾತ್ರಿಯಿಡೀ ನೆಲಕ್ಕೆ ಊರಲಿಲ್ಲ.

ಮರುದಿನ ಹತ್ತಿರದ ಡಾಕ್ಟರು ನೋಡಿ, ಉಳುಕಿರಬಹುದು, ಮಂಡಿಯೂ ಆಗಿರಬಹುದು, ಓಡಾಡಿಸಬೇಡಿ, ವಾರದಲ್ಲಿ ಕಡಿಮೆಯಾಗದಿದ್ದರೆ ಎಕ್ಸ್‌ರೇ ತೆಗೆಸಬೇಕು ಎಂದರು. ನಾಯಿಗೆಂದೇ ಇರುವ ನೋವಿನ ಮಾತ್ರೆ ಬರೆದುಕೊಟ್ಟರು. ವಾರದಲ್ಲಿ ಬೆಲ್ಲ ಕಾಲು ಊರತೊಡಗಿದ. ನನ್ನ ಪಾಲಿಗೆ ಅಲ್ಲಿಗೆ ಕಥೆ ಮುಗಿಯಿತು. ಎಕ್ಸ್‌ರೇಗೆ ಹೋಗಲಿಲ್ಲ, ಮತ್ತೆ ತೋರಿಸಲೂ ಇಲ್ಲ. ಹಿತ್ತಿಲ ಬಾಗಿಲು ಎಂದಿನಂತೆ ತೆರೆದೇ ಇತ್ತು.

ಹರಿದ ಲಿಗಮೆಂಟು ತಾನಾಗಿ ಕೂಡಿಕೊಳ್ಳುವುದಿಲ್ಲ. ಮೊದಲ ಕೆಲವು ದಿನದ ಊತ ಇಳಿದಾಗ ನೋವು ಕಡಿಮೆಯಾಗುತ್ತದೆ, ನಾಯಿ ಕಾಲು ಊರುತ್ತದೆ, ಆದರೆ ಮಂಡಿ ಸಡಿಲವಾಗಿಯೇ ಇರುತ್ತದೆ. ಊರಿದ ಪ್ರತಿ ಹೆಜ್ಜೆಗೂ ಒಳಗಿನ ಮೃದ್ವಸ್ಥಿ ಉಜ್ಜಿ ಸವೆಯುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂಬುದು ನಿಜ. ಗೊತ್ತಿದ್ದವರು ಎಕ್ಸ್‌ರೇ ತೆಗೆಸಿ ಎಂದಿದ್ದರು ಎಂಬುದೂ ಅಷ್ಟೇ ನಿಜ.

ಒಂದು ತಿಂಗಳು ಕಳೆಯುವ ಮುಂಚೆ ಕುಂಟು ಮರಳಿತು. ಡಾಕ್ಟರು ಕೊಟ್ಟ ಮಾತ್ರೆ ಮುಗಿದಿತ್ತು. ಮನೆಯಲ್ಲಿ ನನ್ನ ಸೊಂಟನೋವಿಗೆಂದು ತಂದಿಟ್ಟಿದ್ದ ಡೈಕ್ಲೋಫೆನಾಕ್ ಮಾತ್ರೆಯಿತ್ತು. ಅದನ್ನೇ ಅರ್ಧ ಮಾಡಿ ಅನ್ನದಲ್ಲಿ ಕಲಸಿ ಕೊಟ್ಟೆ, ಮರುದಿನವೂ ಕೊಟ್ಟೆ. ಬೆಲ್ಲ ಊಟ ಬಿಟ್ಟ, ವಾಂತಿ ಮಾಡಿದ, ಮಲ ಡಾಂಬರಿನ ಬಣ್ಣಕ್ಕೆ ತಿರುಗಿತು. ಹೊಟ್ಟೆಯೊಳಗೆ ರಕ್ತ ಒಸರುತ್ತಿತ್ತು. ಡ್ರಿಪ್ ಹಾಕಿಸಿ, ಹೊಟ್ಟೆಯ ಹುಣ್ಣಿಗೆ ಔಷಧ ಕೊಡಿಸಿ ಉಳಿಸಿಕೊಂಡೆವು. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮನುಷ್ಯರ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಕಾರ್ಪ್ರೊಫೆನ್, ಮೆಲಾಕ್ಸಿಕ್ಯಾಮ್, ಫಿರೊಕಾಕ್ಸಿಬ್ ಮುಂತಾದವನ್ನು ಪಶುವೈದ್ಯರು ನಾಯಿಯ ತೂಕ ನೋಡಿ, ದೀರ್ಘಕಾಲ ಕೊಡುವುದಾದರೆ ರಕ್ತಪರೀಕ್ಷೆ ಮಾಡಿಸಿ ಕೊಡುತ್ತಾರೆ. ಇವುಗಳ ಜೊತೆಗೆ ಸ್ಟೆರಾಯ್ಡ್ ಬೆರೆಸಿದರೂ ಅಪಾಯವೇ. ಮಂಡಿಯ ಕಾಯಿಲೆಗಿಂತ ಮೊದಲು ನನ್ನ ಮಾತ್ರೆಯೇ ಅವನನ್ನು ಕೊಲ್ಲುವುದರಲ್ಲಿತ್ತು.

ಆಗ ನಾವು ಸ್ನೇಹಿತರು ಹೇಳಿದ ಇನ್ನೊಬ್ಬ ಪಶುವೈದ್ಯರಲ್ಲಿಗೆ ಹೋದೆವು. ಅವರು ಬೆಲ್ಲ ನಡೆಯುವುದನ್ನು, ಕೂರುವುದನ್ನು ನೋಡಿದರು. ಎರಡೂ ತೊಡೆಯನ್ನು ಕೈಯಲ್ಲಿ ಹಿಡಿದು ಎಡ ತೊಡೆ ಎಷ್ಟು ಬಡವಾಗಿದೆ ಎಂದು ನನ್ನ ಕೈಯಿಂದಲೇ ಮುಟ್ಟಿಸಿ ತೋರಿಸಿದರು. ಮಂಪರಿನ ಇಂಜೆಕ್ಷನ್ ಕೊಟ್ಟು, ಮೈ ಸಡಿಲಾದ ಮೇಲೆ ಒಂದು ಕೈಯಲ್ಲಿ ತೊಡೆಮೂಳೆಯನ್ನು ಹಿಡಿದು ಇನ್ನೊಂದು ಕೈಯಿಂದ ಕೆಳಗಿನ ಮೂಳೆಯನ್ನು ಮುಂದಕ್ಕೆ ತಳ್ಳಿದರು. ಆರೋಗ್ಯವಂತ ಮಂಡಿಯಲ್ಲಿ ಕದಲದ ಆ ಮೂಳೆ ಬೆಲ್ಲನ ಎಡಗಾಲಿನಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಸರಿಯಿತು. ಎಕ್ಸ್‌ರೇಯಲ್ಲಿ ಲಿಗಮೆಂಟು ಕಾಣುವುದಿಲ್ಲ, ಆದರೆ ಅದು ಹರಿದದ್ದರ ಪರಿಣಾಮ ಕಾಣುತ್ತದೆ. ಮಂಡಿಯೊಳಗೆ ನೀರು ತುಂಬಿತ್ತು, ಮೂಳೆಯ ಅಂಚುಗಳಲ್ಲಿ ಹೊಸ ಮೂಳೆ ಬೆಳೆಯತೊಡಗಿತ್ತು. ಅದು ಕೀಲುಸವೆತದ ಆರಂಭ.

ಡಾಕ್ಟರು ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ನಾಯಿಯ ಮಂಡಿ ಯಾವಾಗಲೂ ಬಾಗಿಕೊಂಡೇ ಇರುತ್ತದೆ. ಕೆಳಗಿನ ಮೂಳೆಯ ತಲೆ ಹಿಂದಕ್ಕೆ ಇಳಿಜಾರಾಗಿದೆ, ಹೆಚ್ಚಿನ ನಾಯಿಗಳಲ್ಲಿ 20ರಿಂದ 30 ಡಿಗ್ರಿಯಷ್ಟು. ಮೈಭಾರ ಬಿದ್ದಾಗಲೆಲ್ಲ ತೊಡೆಮೂಳೆ ಆ ಇಳಿಜಾರಿನಲ್ಲಿ ಹಿಂದಕ್ಕೆ ಜಾರಲು ನೋಡುತ್ತದೆ, ಕೆಳಗಿನ ಮೂಳೆ ಮುಂದಕ್ಕೆ ನುಗ್ಗುತ್ತದೆ. ಏರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಹಗ್ಗ ಹಿಡಿದು ನಿಲ್ಲಿಸಿದ ಹಾಗೆ, ಈ ಲಿಗಮೆಂಟು ಅದನ್ನು ಹಿಡಿದಿಟ್ಟಿರುತ್ತದೆ. ಹಗ್ಗ ಹರಿದ ಮೇಲೆ ಹೆಜ್ಜೆಹೆಜ್ಜೆಗೂ ಜಾರಾಟ. ಎರಡು ಮೂಳೆಗಳ ನಡುವೆ ಮೆನಿಸ್ಕಸ್ ಎಂಬ ಮೆತ್ತನೆಯ ಬಿಲ್ಲೆಗಳಿವೆ. ಒಳಬದಿಯ ಬಿಲ್ಲೆ ಕೆಳಗಿನ ಮೂಳೆಗೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಈ ಜಾರಾಟದಲ್ಲಿ ಸಿಕ್ಕಿ ಹರಿಯುವುದು ಹೆಚ್ಚಾಗಿ ಅದೇ.

“ಆಪರೇಷನ್ನೇ ಬೇಕಾ ಸರ್?” ಎಂದರು ನಮ್ಮ ಯಜಮಾನರು.

“ಬೇಕೇ ಬೇಕು ಅಂತಲ್ಲ. ಎರಡು ದಾರಿ ಇದೆ. ಯಾವುದಾದರೂ ಒಂದನ್ನ ಪೂರ್ತಿ ಮಾಡಬೇಕು,” ಎಂದರು ಡಾಕ್ಟರು. “ಇವನ ತೂಕಕ್ಕೆ ನನ್ನ ಸಲಹೆ ಆಪರೇಷನ್ನು. ಬೇಡ ಅಂದರೆ ಇನ್ನೊಂದು ದಾರಿ ಸುಲಭದ್ದಲ್ಲ, ಅದು ತಿಳಿದಿರಲಿ.”

ನನ್ನ ಮನಸ್ಸಿನಲ್ಲಿ ಆಗ ಇದ್ದದ್ದು ಪಕ್ಕದ ಮನೆಯ ಪೊಮೆರೇನಿಯನ್. ಎಂಟು ಕಿಲೋದ ಆ ಪುಟ್ಟ ನಾಯಿಗೂ ಇದೇ ಕಾಯಿಲೆ ಬಂದಿತ್ತು. ಅವರು ಮನೆಯೊಳಗೇ ಕಟ್ಟಿ ಹಾಕಿ, ಮಾತ್ರೆ ಕೊಟ್ಟು, ಕೆಲವು ತಿಂಗಳಲ್ಲಿ ಅದು ಓಡಾಡುವಂತಾಗಿತ್ತು. “ಸುಮ್ಮನೆ ಕುಯ್ಯಿಸಬೇಡಿ ಅಕ್ಕಾ, ತಾನಾಗಿ ಹೋಗುತ್ತೆ,” ಎಂದು ಅವರು ಪ್ರೀತಿಯಿಂದಲೇ ಹೇಳಿದ್ದರು. ಅವರ ಅನುಭವ ಸುಳ್ಳಲ್ಲ. 1984ರಲ್ಲಿ ಅಮೆರಿಕದ ಪಶುವೈದ್ಯ ವಾಸರ್ ಆಪರೇಷನ್ ಮಾಡದೆ ಬಿಟ್ಟ 85 ನಾಯಿಗಳನ್ನು ಹಿಂಬಾಲಿಸಿ ಪ್ರಕಟಿಸಿದ ಅಧ್ಯಯನ ಇವತ್ತಿಗೂ ಉಲ್ಲೇಖವಾಗುತ್ತದೆ. 15 ಕಿಲೋಗಿಂತ ಕಡಿಮೆ ತೂಕದ ನಾಯಿಗಳಲ್ಲಿ ಸುಮಾರು ಶೇ 86ರಷ್ಟು ಸರಿಹೋದವು ಅಥವಾ ಸುಧಾರಿಸಿದವು. ಅದಕ್ಕಿಂತ ಭಾರದ ನಾಯಿಗಳಲ್ಲಿ ಹಾಗಾದದ್ದು ಶೇ 19ರಷ್ಟು ಮಾತ್ರ. ಎಂಟು ಕಿಲೋದ ನಾಯಿಯ ಅದೃಷ್ಟವನ್ನು 41 ಕಿಲೋದ ನಾಯಿಗೆ ನಾನು ಲೆಕ್ಕ ಹಾಕಿಬಿಟ್ಟೆ.

ಹಣದ ಚಿಂತೆಯೂ ಇತ್ತು. ಬೆಂಗಳೂರಿನಲ್ಲಿ ಮಾಡಿಸಿದರೆ ಒಂದು ಲಕ್ಷ ರೂಪಾಯಿ ದಾಟುತ್ತದೆ ಎಂದಿದ್ದರು. ಅರಿವಳಿಕೆ ಕೊಟ್ಟರೆ ಏಳದೇ ಹೋದರೆ ಎಂಬ ಭಯ ಅದಕ್ಕಿಂತ ದೊಡ್ಡದು. ಆಪರೇಷನ್ ಬೇಡ ಎಂದೆವು. ಆ ಆಯ್ಕೆಯನ್ನು ನಾನು ಇಂದಿಗೂ ಪೂರ್ತಿ ತಪ್ಪೆನ್ನುವುದಿಲ್ಲ. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ತೂಕ ಹೆಚ್ಚಿದ್ದ 40 ನಾಯಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್ ಮಾಡಿ, ಇನ್ನೊಂದಕ್ಕೆ ಮಾಡದೆ, ಎರಡಕ್ಕೂ ತೂಕ ಇಳಿಸುವ ಪಥ್ಯ, ಫಿಸಿಯೋಥೆರಪಿ, ನೋವಿನ ಔಷಧ ಕೊಟ್ಟು ನೋಡಿದರು. ಒಂದು ವರ್ಷದ ನಂತರ ಆಪರೇಷನ್ ಆದವುಗಳಲ್ಲಿ ಶೇ 75, ಆಗದವುಗಳಲ್ಲಿ ಸುಮಾರು ಶೇ 64 ನಾಯಿಗಳಿಗೆ ಒಳ್ಳೆಯ ಫಲ ಸಿಕ್ಕಿತ್ತು. ಆಪರೇಷನ್ ಇಲ್ಲದೆಯೂ ದೊಡ್ಡ ನಾಯಿ ಸುಧಾರಿಸಬಹುದು. ಆದರೆ ಆ ನಾಯಿಗಳ ತೂಕ ಇಳಿದಿತ್ತು, ಅವಕ್ಕೆ ವ್ಯಾಯಾಮ ಮಾಡಿಸಿದ್ದರು. ಅದು ಚಿಕಿತ್ಸೆ. ನಾನು ಮಾಡಿದ್ದು ಅದಲ್ಲ.

ಡಾಕ್ಟರು ನನಗೆ ಬರೆದುಕೊಟ್ಟ ಚೀಟಿ ಇನ್ನೂ ನನ್ನ ಬಳಿ ಇದೆ. ಒಂಬತ್ತು ಕಿಲೋ ತೂಕ ಇಳಿಯಬೇಕು, ಪ್ರತಿ ಎರಡು ವಾರಕ್ಕೆ ತೂಕ ನೋಡಬೇಕು. ಎರಡು ಮೂರು ತಿಂಗಳು ಓಟ, ನೆಗೆತ, ಮೆಟ್ಟಿಲು ಏನೂ ಕೂಡದು. ಹೊರಗೆ ಹೋಗುವುದು ಬೆಲ್ಟ್ ಹಾಕಿಯೇ, ಮೊದಲು ಐದೈದು ನಿಮಿಷ, ದಿನಕ್ಕೆ ಕೆಲವು ಸಲ, ಬರಬರುತ್ತ ಹೆಚ್ಚಿಸಬೇಕು. ಮನೆಯಲ್ಲಿ ಅವನು ಓಡಾಡುವ ಕಡೆಯೆಲ್ಲ ಜಾರದ ಹಾಸು. ತೊಡೆಯ ಸ್ನಾಯು ಬಲಿಯಲು ಕೂರಿಸಿ ಎಬ್ಬಿಸುವ ವ್ಯಾಯಾಮ, ಏರಿನಲ್ಲಿ ನಿಧಾನ ನಡಿಗೆ. ನೋವಿನ ಔಷಧ ಅವರು ಹೇಳಿದಷ್ಟೇ. ಆರು ವಾರಕ್ಕೆ ಮತ್ತೆ ಪರೀಕ್ಷೆ, ಸುಧಾರಿಸದಿದ್ದರೆ ಆಪರೇಷನ್ ಬಗ್ಗೆ ಮತ್ತೆ ಯೋಚನೆ.

ಇದರಲ್ಲಿ ನಾನು ತಪ್ಪದೆ ಮಾಡಿದ್ದು ಔಷಧ ಕೊಟ್ಟದ್ದು ಒಂದೇ. ಊಟ ಕಡಿಮೆ ಮಾಡಿದರೆ ಅವನು ತಟ್ಟೆಯ ಮುಂದೆ ಕುಳಿತು ನೋಡುತ್ತಿದ್ದ. ‘ಮೂಕಪ್ರಾಣಿ, ಹೊಟ್ಟೆಗೆ ಹಾಕದೆ ಹೇಗಮ್ಮ ಇರೋದು’ ಎಂದು ಅತ್ತೆಯವರು ಒಂದು ಚಪಾತಿ ಹಾಕಿದರೆ ನಾನು ಕಂಡೂ ಸುಮ್ಮನಿರುತ್ತಿದ್ದೆ. ಚೀಟಿ ಓದಿದವಳು ನಾನು, ಅವರಿಗೆ ಕೂರಿಸಿ ಹೇಳಬೇಕಾಗಿದ್ದವಳೂ ನಾನೇ. ಜಾರದ ಹಾಸೆಂದು ನಡುಮನೆಯಲ್ಲಿ ಎರಡು ಚಾಪೆ ಹಾಸಿದೆ, ಅಡುಗೆಮನೆಗೂ ಬಾಗಿಲಿಗೂ ಹೋಗುವ ಹಾದಿ ಬರಿಯ ಟೈಲ್ಸ್ ಆಗಿಯೇ ಉಳಿಯಿತು. ಬೆಳಗ್ಗೆ ಬೆಲ್ಟ್ ಹಾಕಿ ನಡೆಸುತ್ತಿದ್ದೆ. ಸಂಜೆ ಕೆಲಸದಿಂದ ಬಂದು ದಣಿದಾಗ ಹಿತ್ತಿಲಿಗೆ ಬಿಟ್ಟುಬಿಡುತ್ತಿದ್ದೆ. ಔಷಧದಿಂದ ನೋವು ತಗ್ಗಿದ್ದರಿಂದ ಅವನು ಓಡುತ್ತಿದ್ದ. ಅವನು ಓಡುವುದನ್ನು ನೋಡಿ ವಾಸಿಯಾಗುತ್ತಿದೆ ಎಂದುಕೊಂಡೆ. ಆರು ವಾರದ ಪರೀಕ್ಷೆಗೆ ಹೋಗಲಿಲ್ಲ. ‘ಆಪರೇಷನ್ ಇಲ್ಲದೆ ಗುಣಪಡಿಸುತ್ತಿದ್ದೇವೆ’ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ವಾಸ್ತವದಲ್ಲಿ ಅವನಿಗೆ ಯಾವ ಚಿಕಿತ್ಸೆಯೂ ನಡೆಯುತ್ತಿರಲಿಲ್ಲ.

ಮಳೆಗಾಲದ ಕೊನೆಯಲ್ಲಿ ಅವನು ನಡೆಯುವಾಗ ಮಂಡಿಯಿಂದ ಟಕ್ ಎಂಬ ಸದ್ದು ಕೇಳತೊಡಗಿತು. ಅದಾದ ಮೇಲೆ ಕಾಲು ಊರುವುದನ್ನೇ ಬಿಟ್ಟ. ಔಷಧ ಕೊಟ್ಟರೂ ಊರಲಿಲ್ಲ. ಒಳಬದಿಯ ಮೆನಿಸ್ಕಸ್ ಹರಿದು ಮಡಚಿಕೊಂಡಿತ್ತು. ಇನ್ನು ಕಾಯಲು ಏನೂ ಉಳಿದಿರಲಿಲ್ಲ. ಕಾರಿನ ಹಿಂದಿನ ಸೀಟಿಗೆ ಹಾಸಿಗೆ ಹಾಸಿ ಅವನನ್ನು ಬೆಂಗಳೂರಿಗೆ ಕರೆದೊಯ್ದೆವು.

ಅಲ್ಲಿಯ ಶಸ್ತ್ರವೈದ್ಯರು ಮೊದಲು ಎಲ್ಲ ಬಗೆಗಳನ್ನೂ ತಿಳಿಸಿದರು. ನಾಯಿಯ ಈ ಲಿಗಮೆಂಟಿನ ಶಸ್ತ್ರಚಿಕಿತ್ಸೆಗೆ ದೊಡ್ಡ ಚರಿತ್ರೆಯಿದೆ. 1952ರಲ್ಲಿ ಫಿನ್ಲೆಂಡಿನ ಪಾಟ್ಸಾಮ ತೊಡೆಯ ಪೊರೆಯ ಪಟ್ಟಿಯೊಂದನ್ನು ಮಂಡಿಯೊಳಗೆ ಹಾಯಿಸಿ ಹೊಸ ಲಿಗಮೆಂಟು ಮಾಡುವ ವಿಧಾನವನ್ನು ವಿವರಿಸಿದ್ದರು. ಆಮೇಲೆ ಬಂದದ್ದು ಕೀಲಿನ ಹೊರಗಡೆಯಿಂದ ಗಟ್ಟಿ ನೈಲಾನ್ ಎಳೆ ಬಿಗಿಯುವ ಪದ್ಧತಿ. ಎಳೆ ಕೆಲವು ತಿಂಗಳಲ್ಲಿ ಸಡಿಲಾದರೂ ಅಷ್ಟರೊಳಗೆ ಸುತ್ತಲಿನ ಅಂಗಾಂಶ ದಪ್ಪವಾಗಿ ಮಂಡಿಯನ್ನು ಹಿಡಿದುಕೊಳ್ಳುತ್ತದೆ. ಖರ್ಚು ಕಡಿಮೆ, ಸಣ್ಣ ಮತ್ತು ನಡುಗಾತ್ರದ ನಾಯಿಗಳಿಗೆ ಚೆನ್ನಾಗಿ ಒಗ್ಗುತ್ತದೆ. ದೊಡ್ಡ, ಚುರುಕಿನ ನಾಯಿಗಳ ಭಾರಕ್ಕೆ ಎಳೆ ಬೇಗ ಸೋಲುವುದುಂಟು.

ಅಮೆರಿಕದ ಒರೆಗಾನ್‌ನ ಪಶುವೈದ್ಯ ಬಾರ್ಕ್ಲೇ ಸ್ಲೋಕಮ್ ಬೇರೆ ದಿಕ್ಕಿನಲ್ಲಿ ಯೋಚಿಸಿದರು. ಹರಿದ ಲಿಗಮೆಂಟಿಗೆ ಬದಲಿ ಹುಡುಕುವ ಬದಲು, ಲಿಗಮೆಂಟೇ ಬೇಡವಾಗುವಂತೆ ಮೂಳೆಯ ಇಳಿಜಾರನ್ನು ತಗ್ಗಿಸಿದರು. 1993ರಲ್ಲಿ ಅವರು ಪ್ರಕಟಿಸಿದ ಈ ವಿಧಾನವನ್ನು ಟಿಪಿಎಲ್‌ಒ ಎನ್ನುತ್ತಾರೆ. ಕೆಳಗಿನ ಮೂಳೆಯ ತಲೆಯನ್ನು ಕಮಾನಿನಾಕಾರದ ಗರಗಸದಿಂದ ಕತ್ತರಿಸಿ, ಇಳಿಜಾರು ಸುಮಾರು 5 ಡಿಗ್ರಿಗೆ ಬರುವಂತೆ ತಿರುಗಿಸಿ, ಲೋಹದ ಪ್ಲೇಟು ಮತ್ತು ಸ್ಕ್ರೂಗಳಿಂದ ಬಿಗಿಯುತ್ತಾರೆ. ಈ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಟಿಟಿಎ ಎಂಬ ಇನ್ನೊಂದು ವಿಧಾನ ರೂಪುಗೊಂಡಿತು. ಅದರಲ್ಲಿ ಮಂಡಿಚಿಪ್ಪಿನ ನರಕಟ್ಟು ಅಂಟಿಕೊಂಡಿರುವ ಮೂಳೆಯ ಏಣನ್ನು ಮುಂದಕ್ಕೆ ಸರಿಸಿ, ಎಳೆತದ ದಿಕ್ಕು ಬದಲಾಗುವಂತೆ ಮಾಡುತ್ತಾರೆ. ದೊಡ್ಡ ನಾಯಿಗಳಿಗೆ ಇಂದು ಹೆಚ್ಚಿನ ಶಸ್ತ್ರವೈದ್ಯರ ಒಲವು ಟಿಪಿಎಲ್‌ಒ ಕಡೆಗೆ. ಮಂಡಿಗೆ ಕಟ್ಟುವ ಬ್ರೇಸ್ ಬಗ್ಗೆಯೂ ಕೇಳಿದೆ. ಅರಿವಳಿಕೆ ಕೊಡಲಾಗದ ನಾಯಿಗೆ ಅದೊಂದು ಆಸರೆ, ಅದರಿಂದ ಮಂಡಿ ಸ್ಥಿರವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಉಜ್ಜಿ ಗಾಯವಾಗುವುದೂ ಉಂಟು ಎಂದರು.

ಬೆಲ್ಲನಿಗೆ ಟಿಪಿಎಲ್‌ಒ ಮಾಡಿದರು. ಹರಿದ ಮೆನಿಸ್ಕಸ್ ಹೊಲಿಯುವ ಸ್ಥಿತಿಯಲ್ಲಿರಲಿಲ್ಲ, ಆ ಭಾಗವನ್ನು ಕತ್ತರಿಸಿ ತೆಗೆದರು. ಆಪರೇಷನ್ ಮುಗಿಸಿ ಹೊರಬಂದ ವೈದ್ಯರು ಹೇಳಿದ ಮಾತು ನನಗೆ ನೆನಪಿದೆ: “ಮಂಡಿ ಈಗ ಸ್ಥಿರವಾಗಿದೆ. ಆದರೆ ಒಳಗೆ ಸವೆದು ಹೋದದ್ದನ್ನ ನಾವು ವಾಪಸ್ ತರೋಕೆ ಆಗಲ್ಲ ಮೇಡಂ. ಕೆಲವು ತಿಂಗಳು ಮುಂಚೆ ಬಂದಿದ್ದರೆ ಈ ಬಿಲ್ಲೆ ಉಳೀತಿತ್ತೇನೋ.” ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ನನಗೆ ಸಹಿಸಲು ಸುಲಭವಾಗುತ್ತಿತ್ತು.

ಆಪರೇಷನ್ ಆದ ಮೇಲೆ ಎಲ್ಲ ಮುಗಿಯಿತು ಎಂದು ತಿಳಿಯುವುದೂ ತಪ್ಪು. ಕತ್ತರಿಸಿದ ಮೂಳೆ ಕೂಡಲು ಎಂಟರಿಂದ ಹನ್ನೆರಡು ವಾರ ಬೇಕು. ಆವರೆಗೆ ನಾಯಿ ಓಡಿದರೆ ಸ್ಕ್ರೂ ಸಡಿಲಾಗಬಹುದು, ಮೂಳೆ ಸರಿಯಬಹುದು. ಗಾಯ ನೆಕ್ಕಿದರೆ ಸೋಂಕು. ಆದ್ದರಿಂದ ಕುತ್ತಿಗೆಗೆ ಶಂಕುವಿನಾಕಾರದ ಕಾಲರ್ ಕಡ್ಡಾಯ. ಈ ಸಲ ನಾವು ಒಂದನ್ನೂ ಬಿಡಲಿಲ್ಲ. ನಡುಮನೆಯ ಮೂಲೆಯಲ್ಲಿ ಕಬ್ಬಿಣದ ಜಾಲರಿಯಿಂದ ಅವನಿಗೊಂದು ಜಾಗ ಮಾಡಿದೆವು. ಮನೆಯ ಎಲ್ಲ ಹಾದಿಗೂ ರಬ್ಬರ್ ಬೆನ್ನಿನ ಹಾಸು ಬಂತು. ಮೊದಮೊದಲು ಎದ್ದೇಳುವಾಗ ಹೊಟ್ಟೆಯಡಿಗೆ ಟವೆಲ್ ಹಾಯಿಸಿ ಎತ್ತಿ ಹಿಡಿಯುತ್ತಿದ್ದೆವು. ಎಂಟನೆಯ ವಾರದ ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ನೋಡಿದ ಮೇಲೆಯೇ ನಡಿಗೆ ಹೆಚ್ಚಿಸಿದ್ದು.

ಊಟದ ವಿಷಯದಲ್ಲಿ ಅತ್ತೆಯವರನ್ನೇ ಡಾಕ್ಟರ ಮುಂದೆ ಕೂರಿಸಿದೆ. ಅವರು ಅತ್ತೆಯವರ ಕೈಯನ್ನು ಬೆಲ್ಲನ ಪಕ್ಕೆಯ ಮೇಲಿಡಿಸಿ, “ಅಮ್ಮಾ, ಪಕ್ಕೆಲುಬು ಕಣ್ಣಿಗೆ ಎದ್ದು ಕಾಣಬಾರದು, ಆದರೆ ಕೈ ಇಟ್ಟರೆ ಒತ್ತದೆಯೇ ಎಣಿಸೋ ಹಾಗಿರಬೇಕು,” ಎಂದರು. ಅಂದಿನಿಂದ ಆಹಾರವನ್ನು ತಕ್ಕಡಿಯಲ್ಲಿ ತೂಗಿ ಹಾಕುವ ಕೆಲಸವನ್ನು ಅತ್ತೆಯವರೇ ವಹಿಸಿಕೊಂಡರು. ಚಪಾತಿಯ ಬದಲು ಬೇಯಿಸಿದ ಬೀನ್ಸ್, ಸೌತೆಕಾಯಿ ಹೋಳು ಕೊಡುತ್ತಾರೆ. ಮೊದಲೇ ಅವರಿಗೆ ಹೀಗೆ ತಿಳಿಸಿದ್ದರೆ ಅವರು ಮೊದಲೇ ಮಾಡುತ್ತಿದ್ದರು. ತೂಕದ ಮಹತ್ವ ಮಂಡಿಗಷ್ಟೇ ಸೀಮಿತವಲ್ಲ. 48 ಲ್ಯಾಬ್ರಡಾರ್‌ಗಳನ್ನು ಮರಿಗಳಿದ್ದಾಗಿನಿಂದ ಸಾಯುವವರೆಗೂ ಗಮನಿಸಿದ ಅಮೆರಿಕದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಶೇ 25ರಷ್ಟು ಕಡಿಮೆ ತಿಂದ ನಾಯಿಗಳು ಉಳಿದವಕ್ಕಿಂತ ಸುಮಾರು 1.8 ವರ್ಷ ಹೆಚ್ಚು ಬದುಕಿದವು. ಕೀಲುಸವೆತವೂ ಅವಕ್ಕೆ ತಡವಾಗಿ ಕಾಣಿಸಿಕೊಂಡಿತು. ಪ್ರೀತಿಯಿಂದ ಹೆಚ್ಚು ಹಾಕಿದ ತುತ್ತು ನಾಯಿಯ ಆಯುಸ್ಸನ್ನು ಕಡಿಮೆ ಮಾಡುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಆದರೆ ಅದು ಸತ್ಯ.

ಒಂದು ಮಂಡಿಯ ಲಿಗಮೆಂಟು ಹರಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಮಂಡಿಯದೂ ಹರಿಯುತ್ತದೆ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಬೆಲ್ಲನಿಗೂ ಅದು ತಪ್ಪಲಿಲ್ಲ. ಏಳೂವರೆ ವರ್ಷದವನಿದ್ದಾಗ ಒಂದು ಬೆಳಗ್ಗೆ ಎದ್ದವನು ಬಲ ಹಿಂಗಾಲಿನ ಮೇಲೆ ಭಾರ ಹಾಕಲು ಹಿಂಜರಿದ. ಕುಂಟು ಎನ್ನುವಷ್ಟೂ ಇರಲಿಲ್ಲ. ಅದೇ ವಾರ ಮಂಪರು ಕೊಡಿಸಿ ಪರೀಕ್ಷೆ ಮಾಡಿಸಿದೆವು. ಲಿಗಮೆಂಟು ಭಾಗಶಃ ಹರಿದಿತ್ತು. ಈ ಸಲ ಹಿಂದುಮುಂದು ನೋಡದೆ ದಿನ ಗೊತ್ತು ಮಾಡಿದೆವು. ಹಣಕ್ಕೆ ಚೀಟಿ ಎತ್ತಿದೆವು. ಮಂಡಿ ತೆರೆದಾಗ ಮೆನಿಸ್ಕಸ್ ಎರಡೂ ಬದಿ ಹರಿಯದೆ ಉಳಿದಿತ್ತು, ಮೃದ್ವಸ್ಥಿ ಹೊಳೆಯುತ್ತಿತ್ತು ಎಂದು ಶಸ್ತ್ರವೈದ್ಯರು ಹೇಳಿದಾಗ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಎಡಗಾಲಿನ ನೆನಪಾಯಿತು. ಅದನ್ನೂ ಹೀಗೆಯೇ ಉಳಿಸಿಕೊಳ್ಳಬಹುದಿತ್ತು.

ಈಗ ಅವನ ತೂಕ 33 ಕಿಲೋ. ಬಲಗಾಲಿಗೆ ಔಷಧ ಬೇಕಿಲ್ಲ. ಎಡಗಾಲಿನ ಕೀಲುಸವೆತಕ್ಕೆ ಚಳಿಗಾಲದಲ್ಲಿ ನೋವಿನ ಔಷಧ, ವರ್ಷವಿಡೀ ಮೀನೆಣ್ಣೆ, ದಿನಾಲೂ ಅಳತೆಯ ನಡಿಗೆ. ಇದು ಅವನು ಇರುವವರೆಗೂ ನಡೆಯಬೇಕಾದದ್ದು. ಮೊದಲಿನ ತಿಂಗಳುಗಳಲ್ಲಿ ಉಳಿಸಿದೆ ಎಂದುಕೊಂಡ ಹಣಕ್ಕಿಂತ ಹೆಚ್ಚನ್ನು ಹೊಟ್ಟೆಯ ಹುಣ್ಣಿಗೆ, ಮತ್ತೆ ಮತ್ತೆ ತಂದ ಮಾತ್ರೆಗೆ, ಎಡಗಾಲಿನ ಆರೈಕೆಗೆ ಖರ್ಚು ಮಾಡಿದ್ದೇನೆ. ಹಣ ಮತ್ತೆ ಬರುತ್ತದೆ. ಅವನು ಅನುಭವಿಸಿದ ನೋವನ್ನು ಹಿಂದಕ್ಕೆ ತೆಗೆದುಕೊಳ್ಳಲು ನನ್ನಿಂದಾಗದು.

ಎಲ್ಲರೂ ಆಪರೇಷನ್ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ನಾಯಿ ಸಣ್ಣದಿರಬಹುದು, ಮುದಿಯಿರಬಹುದು, ಹೃದಯದ ತೊಂದರೆಯಿರಬಹುದು, ನಿಮ್ಮ ಕೈಯಲ್ಲಿ ಅಷ್ಟು ಹಣ ಇಲ್ಲದಿರಬಹುದು. ಹಣವೇ ಅಡ್ಡಿಯಾದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನಲ್ಲಿರುವ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆ ಸಿಗುತ್ತದೆ, ಎಷ್ಟು ಖರ್ಚಾಗುತ್ತದೆ ಎಂದು ವಿಚಾರಿಸಿ. ಟಿಪಿಎಲ್‌ಒ ಆಗದಿದ್ದರೆ ನೈಲಾನ್ ಎಳೆಯ ವಿಧಾನ ನಿಮ್ಮ ನಾಯಿಯ ತೂಕಕ್ಕೆ ಆದೀತೇ ಎಂದು ಕೇಳಿ. ಅದೂ ಬೇಡವೆಂದಾದರೆ ಆಪರೇಷನ್ ಇಲ್ಲದ ದಾರಿಯನ್ನೇ ಹಿಡಿಯಿರಿ. ಆದರೆ ಹಿಡಿದ ಮೇಲೆ ತೂಕ, ನೆಲದ ಹಾಸು, ಬೆಲ್ಟು, ವ್ಯಾಯಾಮ, ಮರುಪರೀಕ್ಷೆ ಒಂದನ್ನೂ ಬಿಡಬೇಡಿ. ಮನೆಯಲ್ಲಿ ನಾಯಿಗೆ ತುತ್ತು ಹಾಕುವ ಪ್ರತಿಯೊಬ್ಬರಿಗೂ ಅದನ್ನು ತಿಳಿಸಿ ಹೇಳಿ.

ನಾಯಿ ಹಿಂಗಾಲು ಎತ್ತಿ ನಡೆದರೆ, ಏಳುವಾಗ ಬಿಗಿದುಕೊಂಡರೆ, ಕಾಲು ಪಕ್ಕಕ್ಕೆ ಚಾಚಿ ಕೂರತೊಡಗಿದರೆ ಅದೇ ವಾರ ಪಶುವೈದ್ಯರಿಗೆ ತೋರಿಸಿ. ಮಂಡಿಯನ್ನು ಮಂಪರು ಕೊಟ್ಟು ಪರೀಕ್ಷಿಸಬೇಕೇ ಎಂದು ನೀವಾಗಿಯೇ ಕೇಳಿ, ಎಕ್ಸ್‌ರೇ ತೆಗೆಸಿ ಎಂದರೆ ತೆಗೆಸಿ. ನಿಮ್ಮ ಮನೆಯ ಡಬ್ಬಿಯ ಮಾತ್ರೆಯನ್ನು ಮಾತ್ರ ಮುಟ್ಟಬೇಡಿ. ಕುಂಟು ಕಡಿಮೆಯಾದ ಮೇಲೂ ಹೇಳಿದ ದಿನಕ್ಕೆ ಮರುಪರೀಕ್ಷೆಗೆ ಹೋಗಿ. ಹರಿದ ಲಿಗಮೆಂಟು ತಾನಾಗಿ ಕೂಡುವುದಿಲ್ಲ, ತಡಮಾಡಿದಷ್ಟು ದಿನವೂ ಮಂಡಿ ಒಳಗೆ ಸವೆಯುತ್ತಲೇ ಇರುತ್ತದೆ.